ಬದುಕಿರುವ ಮೀನಿನ ಕಾಯಿಲೆ

ಕಡಲತೀರದಲ್ಲೋ ಅಳಿವೆಯಲ್ಲೋ ಸತ್ತ ಮೀನುಗಳು ರಾಶಿ ರಾಶಿಯಾಗಿ ತೇಲಿದಾಗ ಜಲಮಾಲಿನ್ಯ ಸುದ್ದಿಯಾಗುತ್ತದೆ. ನೀರಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಒಯ್ಯಲಾಗುತ್ತದೆ, ಹೇಳಿಕೆಗಳೂ ಪ್ರತಿಹೇಳಿಕೆಗಳೂ ಹೊರಬೀಳುತ್ತವೆ, ನಾಲ್ಕಾರು ಉಬ್ಬರವಿಳಿತಗಳು ತೀರವನ್ನು ತೊಳೆದ ಮೇಲೆ ವಿಷಯ ತಣ್ಣಗಾಗುತ್ತದೆ. ಇಂಥ ಸಾಮೂಹಿಕ ಸಾವಿನ ಕಾರಣ ಅನೇಕ ಸಲ ಸರಳವಾದದ್ದು: ಕೊಳಚೆಯೊಂದಿಗೆ ಬಂದ ಸಾವಯವ ಕಸವನ್ನು ಬ್ಯಾಕ್ಟೀರಿಯಾಗಳು ಕೊಳೆಯಿಸುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಖರ್ಚಾಗುತ್ತದೆ, ಅದು ಲೀಟರಿಗೆ 2 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬಹುಪಾಲು ಮೀನುಗಳು ಅಲ್ಲಿ ಉಳಿಯಲಾರವು, ತಪ್ಪಿಸಿಕೊಳ್ಳಲು ದಾರಿಯಿಲ್ಲದವು ಉಸಿರುಗಟ್ಟಿ ಸಾಯುತ್ತವೆ. ಕಣ್ಣಿಗೆ ಕಾಣುವ ಹಾನಿ ಇದಾದರೂ ಇದೇ ದೊಡ್ಡ ಹಾನಿಯಲ್ಲ. ಈಜಾಡುತ್ತ, ಮೇವು ಹುಡುಕುತ್ತ, ಬಲೆಗೆ ಬಿದ್ದು ಮಾರುಕಟ್ಟೆಯ ತನಕವೂ ಬಂದು, ಹೊರನೋಟಕ್ಕೆ ಯಾವ ದೋಷವನ್ನೂ ತೋರದ ಮೀನಿನ ಯಕೃತ್ತು, ಅಂಡಾಶಯ ಮತ್ತು ಹೃದಯಗಳಲ್ಲಿ ಮಾಲಿನ್ಯ ಬಹುಕಾಲದಿಂದ ಮಾಡುತ್ತ ಬಂದಿರುವ ಕೆಲಸವೇ ಮೀನಿನ ಸಂತತಿಯ ಅಳಿವು ಉಳಿವನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಸಾಯಿಸದೆ ಕಾಯಿಲೆ ಬೀಳಿಸುವ ಈ ಪರಿಣಾಮಗಳನ್ನು ವಿಜ್ಞಾನಿಗಳು ಉಪಮಾರಕ ಪರಿಣಾಮಗಳೆನ್ನುತ್ತಾರೆ.

ಇವುಗಳನ್ನು ಜಗತ್ತಿನಲ್ಲೇ ಅತ್ಯಂತ ವಿವರವಾಗಿ ಅಭ್ಯಸಿಸಿರುವ ಜಾಗಗಳಲ್ಲಿ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಒಂದು. ಹಿಮಯುಗದ ಹಿಮನದಿಗಳು ಕೊರೆದ ಈ ಒಳಗಡಲು ಕೆಲವೆಡೆ 280 ಮೀಟರಿನಷ್ಟು ಆಳವಾಗಿದೆ. ಆದರೆ ಪೆಸಿಫಿಕ್ ಸಾಗರದತ್ತ ತೆರೆದುಕೊಳ್ಳುವ ಬಾಯಿಯಲ್ಲಿ ನೀರಿನಡಿಯ ದಿಬ್ಬವೊಂದು ಹೊಸ್ತಿಲಿನಂತೆ ಅಡ್ಡವಾಗಿರುವುದರಿಂದ ಒಳಗಿನ ನೀರು ಹೊರಗಿನ ನೀರಿನೊಡನೆ ಸುಲಭವಾಗಿ ಬೆರೆಯುವುದಿಲ್ಲ, ಒಳಗೆ ಬಿದ್ದದ್ದರಲ್ಲಿ ಬಹುಪಾಲು ಒಳಗೇ ಉಳಿಯುತ್ತದೆ. ಇದರ ದಂಡೆಯ ಸಿಯಾಟಲ್ ಮತ್ತು ಟಕೋಮಾ ನಗರಗಳಲ್ಲಿ 20ನೆಯ ಶತಮಾನದುದ್ದಕ್ಕೂ ಬಂದರು, ಹಡಗುಕಟ್ಟೆ, ಮರದ ಕಾರ್ಖಾನೆ, ಲೋಹದ ಕುಲುಮೆಗಳು ಬೆಳೆದವು, ಅವುಗಳ ತ್ಯಾಜ್ಯ ನೀರಿಗೆ ಇಳಿಯಿತು. ಹೀಗೆ ಇಳಿದ ರಾಸಾಯನಿಕಗಳು ನೀರಿನಲ್ಲೇ ತೇಲಿಕೊಂಡಿರುತ್ತವೆ ಎಂಬ ಸಾಮಾನ್ಯ ಊಹೆ ತಪ್ಪು. ಎಣ್ಣೆ, ಡಾಂಬರು, ವಿದ್ಯುತ್ ಟ್ರಾನ್ಸ್‌ಫಾರ್ಮರುಗಳಲ್ಲಿ ಬಳಸುತ್ತಿದ್ದ ಪಿಸಿಬಿ ಮೊದಲಾದವು ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚು ಕರಗುವ ವಸ್ತುಗಳು. ಅವು ನೀರಿನಲ್ಲಿ ತೇಲುವ ಸೂಕ್ಷ್ಮ ಮಣ್ಣಿನ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿದು ಕೆಸರಿನಲ್ಲಿ ಸೇರುತ್ತವೆ, ದಶಕಗಳ ಕಾಲ ಅಲ್ಲೇ ಇರುತ್ತವೆ. ಮೇಲಿನ ನೀರಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿದೆ ಎಂಬ ಫಲಿತಾಂಶ ಬಂದ ಅಳಿವೆಯ ತಳದಲ್ಲಿ ವಿಷದ ದಾಸ್ತಾನು ಇರಬಹುದಾದದ್ದು ಈ ಕಾರಣದಿಂದ.

ತಳದ ಕೆಸರಿನ ಕತೆಯನ್ನು ಹೇಳಬಲ್ಲ ಮೀನು ತಳದಲ್ಲೇ ಬಾಳುವಂಥದ್ದಾಗಿರಬೇಕು. ಪ್ಯೂಜೆಟ್ ಸೌಂಡಿನಲ್ಲಿ ಆ ಪಾತ್ರ ವಹಿಸಿದ್ದು ಇಂಗ್ಲಿಷ್ ಸೋಲ್ ಎಂಬ ಚಪ್ಪಟೆ ಮೀನು. ಕರಾವಳಿ ಕರ್ನಾಟಕದ ಮೀನುಪೇಟೆಗಳಲ್ಲಿ ನಂಗು ಎಂದು ಮಾರಾಟವಾಗುವ ಮೀನನ್ನು ಕಂಡವರಿಗೆ ಇದರ ಆಕಾರ ವಿವರಿಸಬೇಕಾಗಿಲ್ಲ. ಎರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವಾದರೂ ಒಂದೇ ಚಪ್ಪಟೆ ಮೀನುಗಳ ಬಳಗದವು. ಎರಡೂ ಕಣ್ಣುಗಳು ದೇಹದ ಒಂದೇ ಮಗ್ಗುಲಿಗೆ ಬಂದಿರುವ ಈ ಮೀನು ಇನ್ನೊಂದು ಮಗ್ಗುಲನ್ನು ಕೆಸರಿಗೆ ಒತ್ತಿ ಮಲಗುತ್ತದೆ, ಕೆಸರಿನೊಳಗಿನ ಹುಳುಗಳನ್ನೂ ಚಿಪ್ಪುಜೀವಿಗಳನ್ನೂ ಹೆಕ್ಕಿ ತಿನ್ನುತ್ತದೆ. ಚರ್ಮ, ಕಿವಿರು, ಆಹಾರ ಎಂಬ ಮೂರು ದಾರಿಗಳಿಂದಲೂ ಕೆಸರಿನ ವಸ್ತುಗಳು ಅದರ ಮೈಯೊಳಗೆ ಹೋಗುತ್ತವೆ.

1970ರ ದಶಕದ ಕೊನೆಯಿಂದ ಸಿಯಾಟಲ್‌ನ ಸರ್ಕಾರಿ ಮೀನುಗಾರಿಕಾ ಪ್ರಯೋಗಾಲಯದಲ್ಲಿ ಡೊನಾಲ್ಡ್ ಮ್ಯಾಲಿನ್ಸ್ ಅವರ ಮುಂದಾಳುತನದ ತಂಡ ಈ ಮೀನುಗಳನ್ನು ತಳಬಲೆಯಿಂದ ಹಿಡಿದು ಪರೀಕ್ಷಿಸತೊಡಗಿತು. ವಿಧಾನ ಸರಳವಾದರೂ ತಾಳ್ಮೆ ಬೇಡುವಂಥದ್ದು: ಮೀನಿನ ಹೊಟ್ಟೆ ಸೀಳಿ ಯಕೃತ್ತಿನ ತುಣುಕನ್ನು ತೆಗೆದು, ಸಂರಕ್ಷಕ ದ್ರವದಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗಿನ ಪದರಗಳಾಗಿ ಕತ್ತರಿಸಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಡಿ ನೋಡುವುದು, ಜತೆಗೆ ಮೀನಿನ ತಲೆಯೊಳಗಿನ ಕಿವಿಗಲ್ಲನ್ನು ತೆಗೆದು, ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದರಂತೆ ಮೂಡುವ ಅದರ ಬಳೆಗಳನ್ನು ಎಣಿಸಿ ವಯಸ್ಸು ತಿಳಿಯುವುದು. ವಯಸ್ಸಾದಂತೆ ಗೆಡ್ಡೆಗಳ ಸಾಧ್ಯತೆ ಹೆಚ್ಚುವುದರಿಂದ, ಎಳೆಯ ಮೀನುಗಳಿರುವ ಜಾಗವನ್ನು ಮುದಿ ಮೀನುಗಳಿರುವ ಜಾಗದೊಡನೆ ಹೋಲಿಸಿ ತಪ್ಪು ತೀರ್ಮಾನಕ್ಕೆ ಬರದಿರಲು ಈ ಎಣಿಕೆ ಬೇಕೇಬೇಕು. ಆರೋಗ್ಯವಂತ ಯಕೃತ್ತಿನಲ್ಲಿ ಜೀವಕೋಶಗಳು ಹೆಚ್ಚುಕಡಿಮೆ ಒಂದೇ ಗಾತ್ರದವು. ಕೈಗಾರಿಕಾ ಬಂದರುಗಳ ಮೀನುಗಳಲ್ಲಿ ಕೆಲವು ಕೋಶಗಳೂ ಅವುಗಳ ಕೇಂದ್ರಗಳೂ ಅಸಹಜವಾಗಿ ಊದಿಕೊಂಡಿದ್ದವು, ಬೇರೆ ಬಣ್ಣ ಹೀರುವ ಕೋಶಗಳ ಮಚ್ಚೆಗಳು ಅಲ್ಲಲ್ಲಿ ಎದ್ದಿದ್ದವು, ಮುಂದುವರಿದ ಹಂತದಲ್ಲಿ ನಿಜವಾದ ಕ್ಯಾನ್ಸರ್ ಗೆಡ್ಡೆಗಳೇ ಇದ್ದವು. ಸಿಯಾಟಲ್‌ನ ಎದುರು ದಂಡೆಯ ಬೇನ್‌ಬ್ರಿಜ್ ದ್ವೀಪದಲ್ಲಿರುವ ಈಗಲ್ ಹಾರ್ಬರ್ ಎಂಬ ಪುಟ್ಟ ಕೊಲ್ಲಿಯಲ್ಲಿ, 1985ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಡಿದ ಮೀನುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಯಕೃತ್ತಿನ ಗೆಡ್ಡೆಗಳಿದ್ದವು. ಸ್ವಚ್ಛ ಕೊಲ್ಲಿಗಳ ಮೀನುಗಳಲ್ಲಿ ಅವು ತೀರ ಅಪರೂಪ.

ಈಗಲ್ ಹಾರ್ಬರಿನಲ್ಲಿ ದೊಡ್ಡ ನಗರವಿರಲಿಲ್ಲ, ಇದ್ದದ್ದು ಮರದ ಕಂಬಗಳಿಗೆ ಕ್ರಿಯೋಸೋಟ್ ಹಿಡಿಸುವ ಕಾರ್ಖಾನೆ. ಕಲ್ಲಿದ್ದಲ ಡಾಂಬರಿನಿಂದ ತೆಗೆಯುವ, ರೈಲ್ವೆ ಸ್ಲೀಪರುಗಳಿಗೂ ಬಂದರಿನ ಕಂಬಗಳಿಗೂ ಗೆದ್ದಲು, ಹುಳು ಹಿಡಿಯದಂತೆ ಉಣಿಸುವ ಕಪ್ಪು ಎಣ್ಣೆಯೇ ಕ್ರಿಯೋಸೋಟ್. ಅದರ ಮುಖ್ಯ ಘಟಕಗಳು ಬಹುವಲಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು, ಎಂದರೆ ಇಂಗಾಲದ ಪರಮಾಣುಗಳ ಉಂಗುರಗಳು ಎರಡು, ಮೂರು, ಐದು ಹೀಗೆ ಒಂದಕ್ಕೊಂದು ಅಂಟಿ ನಿಂತ ಅಣುಗಳು. ಕಚ್ಚಾ ತೈಲದಲ್ಲಿ, ವಾಹನದ ಹೊಗೆಯಲ್ಲಿ, ಸುಟ್ಟ ಕಟ್ಟಿಗೆಯ ಮಸಿಯಲ್ಲಿ ಕೂಡ ಇವು ಇರುತ್ತವೆ. ಇವುಗಳ ವರ್ತನೆಯಲ್ಲಿ ಒಂದು ವಿಪರ್ಯಾಸವಿದೆ. ಇಂಥ ಅಣು ಯಕೃತ್ತಿನ ಕೋಶದೊಳಗೆ ಬಂದೊಡನೆ ಅಲ್ಲಿನ ಗ್ರಾಹಕ ಪ್ರೋಟೀನ್ ಒಂದು ಅದನ್ನು ಗುರುತಿಸಿ, ಅದನ್ನು ಒಡೆಯುವ ಕಿಣ್ವಗಳು ಹೆಚ್ಚು ತಯಾರಾಗುವಂತೆ ಮಾಡುತ್ತದೆ. ಆ ಕಿಣ್ವಗಳು ಅಣುವಿಗೆ ಆಮ್ಲಜನಕ ಸೇರಿಸಿ ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸುತ್ತವೆ, ಮಾರ್ಪಟ್ಟದ್ದು ಪಿತ್ತರಸದೊಡನೆ ಹೊರಹೋಗುತ್ತದೆ. ಮೈಯನ್ನು ಶುದ್ಧಗೊಳಿಸುವ ಈ ಏರ್ಪಾಡಿನ ನಡುವಿನ ಹಂತದಲ್ಲಿ ಹುಟ್ಟುವ ಕೆಲವು ಅಣುಗಳು ಮೂಲಕ್ಕಿಂತ ಹೆಚ್ಚು ಚುರುಕಾಗಿದ್ದು, ಹೊರಹೋಗುವ ಮೊದಲು ಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಅಂಟಿದ ಜಾಗದಲ್ಲಿ ಡಿಎನ್‌ಎ ನಕಲಾಗುವಾಗ ತಪ್ಪುಗಳಾಗುತ್ತವೆ, ತಪ್ಪುಗಳು ಕೂಡುತ್ತ ಹೋದಂತೆ ಗೆಡ್ಡೆಯ ಸಾಧ್ಯತೆ ಹೆಚ್ಚುತ್ತದೆ. ವಿಷವನ್ನು ಕಳೆಯುವ ಅಂಗವೇ ವಿಷದ ಮೊದಲ ಬಲಿಯಾಗುವುದು ಹೀಗೆ.

ಮೀನಿನ ಮಾಂಸದಲ್ಲಿ ಹುಡುಕಿದರೆ ಈ ಹೈಡ್ರೋಕಾರ್ಬನ್‌ಗಳು ಸಿಗುವುದೇ ಕಡಿಮೆ ಎಂಬುದಕ್ಕೂ ಇದೇ ಕಾರಣ. ಯಕೃತ್ತು ಅವನ್ನು ಆಗಲೇ ಒಡೆದಿರುತ್ತದೆ. ಮಾಂಸದ ಪರೀಕ್ಷೆಯನ್ನಷ್ಟೇ ನಂಬಿದವರು ಮೀನು ಶುದ್ಧವಾಗಿದೆಯೆಂದು ಬರೆದು ಮುಗಿಸಿಬಿಡಬಹುದು. ಆದ್ದರಿಂದ ಸಿಯಾಟಲ್‌ನ ಸಂಶೋಧಕರು ಪಿತ್ತಕೋಶಕ್ಕೆ ಕೈಹಾಕಿದರು: ಅದರೊಳಗಿನ ಹಸಿರು ರಸದ ಹನಿಯಷ್ಟನ್ನು ತೆಗೆದು ಅತಿನೇರಳೆ ಬೆಳಕಿಗೆ ಒಡ್ಡಿದಾಗ ಒಡೆದ ಉಂಗುರಗಳ ಚೂರುಗಳು ಹೊಳೆಯುತ್ತವೆ, ಹೊಳಪಿನ ಪ್ರಮಾಣದಿಂದ ಆ ಮೀನು ಇತ್ತೀಚೆಗೆ ಎಷ್ಟು ಹೈಡ್ರೋಕಾರ್ಬನ್ ಉಂಡಿತೆಂಬುದು ತಿಳಿಯುತ್ತದೆ. ಪಿಸಿಬಿಗಳದು ಇದಕ್ಕೆ ತದ್ವಿರುದ್ಧ ಸ್ವಭಾವ. ಮೀನಿನ ಕಿಣ್ವಗಳು ಅವನ್ನು ಒಡೆಯಲಾರದೆ ಸೋಲುವುದರಿಂದ ಅವು ಕೊಬ್ಬಿನಲ್ಲಿ ಸೇರಿ ವರ್ಷ ವರ್ಷಕ್ಕೆ ಹೆಚ್ಚುತ್ತವೆ, ಆ ಮೀನನ್ನು ತಿನ್ನುವ ದೊಡ್ಡ ಮೀನಿಗೂ ಮನುಷ್ಯನಿಗೂ ದಾಟುತ್ತವೆ. ಅಮೆರಿಕದಲ್ಲಿ 1979ರಲ್ಲೇ ಅವುಗಳ ತಯಾರಿಕೆ ನಿಷೇಧವಾದರೂ ಸಿಯಾಟಲ್‌ನೊಳಗೆ ಹರಿದು ಬರುವ ಡುವಾಮಿಶ್ ನದಿಯ ಕೆಳಭಾಗದಲ್ಲಿ ನೆಲೆಸಿರುವ ಮೀನು, ಏಡಿ, ಚಿಪ್ಪುಗಳನ್ನು ತಿನ್ನಬಾರದೆಂಬ ಎಚ್ಚರಿಕೆಯ ಫಲಕಗಳು ಇಂದಿಗೂ ಇವೆ. ಕಡಲಲ್ಲಿ ಬೆಳೆದು ಆ ನದಿಯನ್ನು ಹಾದುಹೋಗುವ ಸಾಲ್ಮನ್‌ಗಷ್ಟೇ ವಿನಾಯಿತಿ.

ಗೆಡ್ಡೆಗಳಿಗೂ ಕೆಸರಿಗೂ ಇರುವ ನಂಟು ಕೇವಲ ಕಾಕತಾಳೀಯ ಎಂಬ ವಾದವೂ ಎದ್ದಿತು, ಏಳಬೇಕಾದ್ದೇ. ಅದಕ್ಕೆ ಉತ್ತರ ಎರಡು ಕಡೆಯಿಂದ ಬಂತು. ಈಗಲ್ ಹಾರ್ಬರಿನ ಕೆಸರಿನಿಂದ ಬೇರ್ಪಡಿಸಿದ ಸಾರವನ್ನು ಪ್ರಯೋಗಾಲಯದಲ್ಲಿ ಆರೋಗ್ಯವಂತ ಇಂಗ್ಲಿಷ್ ಸೋಲ್‌ಗಳಿಗೆ ತಿಂಗಳಿಗೊಮ್ಮೆ ಚುಚ್ಚಿದಾಗ ಅವುಗಳ ಯಕೃತ್ತಿನಲ್ಲೂ ಗೆಡ್ಡೆಗೆ ಮುಂಚಿನ ಮಚ್ಚೆಗಳು ಮೂಡಿದವು. 1991ರಲ್ಲಿ ಈ ಪ್ರಯೋಗ ಪ್ರಕಟವಾಯಿತು. ಎರಡನೆಯದು ಇನ್ನೂ ಬಲವಾದ ಸಾಕ್ಷ್ಯ. 1987ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಶುದ್ಧೀಕರಣ ಪಟ್ಟಿಗೆ ಸೇರಿದ ಆ ಕೊಲ್ಲಿಯಲ್ಲಿ ಮರುವರ್ಷ ಕಾರ್ಖಾನೆ ನಿಂತಿತು, 1993-94ರಲ್ಲಿ ಹೆಚ್ಚು ಕೆಟ್ಟಿದ್ದ ತಳದ ಮೇಲೆ ಬೇರೆಡೆಯಿಂದ ತಂದ ಶುದ್ಧ ಮರಳುಮಣ್ಣಿನ ದಪ್ಪ ಹೊದಿಕೆ ಹಾಸಲಾಯಿತು. ರೋಗವಿಜ್ಞಾನಿ ಮಾರ್ಕ್ ಮೈಯರ್ಸ್ ಮತ್ತು ಸಂಗಡಿಗರು ಹೊದಿಕೆಗೆ ಮೊದಲೂ ಅನಂತರ ಹಲವು ವರ್ಷಗಳವರೆಗೂ ಅಲ್ಲಿನ ಮೀನುಗಳನ್ನು ನೋಡುತ್ತ ಹೋದರು. ಪಿತ್ತರಸದ ಹೊಳಪು ಇಳಿಯಿತು, ಡಿಎನ್‌ಎಗೆ ಅಂಟಿದ ಅಣುಗಳು ಇಳಿದವು, ಯಕೃತ್ತಿನ ರೋಗಗಳೂ ಇಳಿದವು. ಮಾಲಿನ್ಯದ ಸಾಹಿತ್ಯದಲ್ಲಿ ಹಾನಿಯ ವರದಿಗಳಿಗೆ ಬರವಿಲ್ಲ. ಒಂದು ಕ್ರಮ ಕೈಗೊಂಡ ಮೇಲೆ ಮೀನು ಗುಣಮುಖವಾದುದನ್ನು ಅಂಗಾಂಶದ ಮಟ್ಟದಲ್ಲಿ ತೋರಿಸಿದ ಅಧ್ಯಯನಗಳು ಬೆರಳೆಣಿಕೆಯಷ್ಟು, ಈ ದೃಷ್ಟಿಯಿಂದ ಈ ಕೊಲ್ಲಿಯ ದಾಖಲೆ ಅಮೂಲ್ಯ.

ಯಕೃತ್ತು ಕೆಟ್ಟರೆ ಸಂತಾನವೂ ಕೆಡುತ್ತದೆ. ಹೆಣ್ಣು ಮೀನಿನ ಮೊಟ್ಟೆಯ ಹಳದಿಗೆ ಬೇಕಾದ ವಿಟೆಲ್ಲೋಜೆನಿನ್ ಎಂಬ ಪ್ರೋಟೀನ್ ತಯಾರಾಗುವುದು ಯಕೃತ್ತಿನಲ್ಲಿ. ಅಂಡಾಶಯದಿಂದ ಹೊರಡುವ ಈಸ್ಟ್ರೋಜನ್ ಹಾರ್ಮೋನು ಅದಕ್ಕೆ ಅಪ್ಪಣೆ ಕೊಡುತ್ತದೆ. ಡುವಾಮಿಶ್ ಮತ್ತು ಈಗಲ್ ಹಾರ್ಬರುಗಳ ಹೆಣ್ಣು ಸೋಲ್‌ಗಳಲ್ಲಿ ಮೊಟ್ಟೆ ಬಲಿಯುವ ಹಂತಕ್ಕೇ ಬರದವುಗಳ ಪ್ರಮಾಣ ಹೆಚ್ಚಿತ್ತು. ಇನ್ನೊಂದು ಕಡೆ, ಸಿಯಾಟಲ್‌ನ ಎದುರಿನ ಎಲಿಯಟ್ ಕೊಲ್ಲಿಯ ಗಂಡು ಮೀನುಗಳ ರಕ್ತದಲ್ಲಿ, ಅಲ್ಲಿ ಇರಬಾರದ ವಿಟೆಲ್ಲೋಜೆನಿನ್ ಕಂಡುಬಂತು. ಮನುಷ್ಯರ ಮೂತ್ರದೊಂದಿಗೆ ಚರಂಡಿ ಸೇರುವ ನೈಸರ್ಗಿಕ ಹಾರ್ಮೋನುಗಳು, ಗರ್ಭನಿರೋಧಕ ಮಾತ್ರೆಗಳ ಕೃತಕ ಹಾರ್ಮೋನುಗಳು, ಈಸ್ಟ್ರೋಜನ್‌ನಂತೆ ನಟಿಸುವ ಕೆಲವು ಕೈಗಾರಿಕಾ ರಾಸಾಯನಿಕಗಳು ಗಂಡಿನ ಯಕೃತ್ತಿಗೂ ಹೆಣ್ಣಿನ ಅಪ್ಪಣೆಯನ್ನೇ ಕೊಡಬಲ್ಲವು. ರೋಗನಿರೋಧಕ ಶಕ್ತಿಯೂ ಈ ಹಾನಿಯಿಂದ ಹೊರಗುಳಿಯುವುದಿಲ್ಲ: ಮಲಿನ ಅಳಿವೆಯನ್ನು ಹಾದುಬಂದ ಚಿನೂಕ್ ಸಾಲ್ಮನ್ ಮರಿಗಳನ್ನು ವಿಬ್ರಿಯೊ ಎಂಬ ರೋಗಕಾರಕ ಬ್ಯಾಕ್ಟೀರಿಯಕ್ಕೆ ಒಡ್ಡಿದಾಗ ಸ್ವಚ್ಛ ಅಳಿವೆಯ ಮರಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಸತ್ತವು. ಅವುಗಳ ಮರಣಪತ್ರ ಬರೆಯುವುದಾದರೆ ಕಾರಣದ ಜಾಗದಲ್ಲಿ ಬ್ಯಾಕ್ಟೀರಿಯದ ಹೆಸರೇ ಇರುತ್ತದೆ, ಅಳಿವೆಯ ಹೆಸರು ಬರುವುದಿಲ್ಲ.

ಎಣ್ಣೆಯ ವಿಷಯಕ್ಕೆ ಬಂದರೆ ಹೊಡೆತ ಬೀಳುವುದು ಮೊಟ್ಟೆಗೆ. ಬೂತಾಯಿಗೆ ಹತ್ತಿರದ ಬಳಗದ್ದಾದ ಹೆರಿಂಗ್ ಮೀನು ದಂಡೆಯಂಚಿನ ಕಡಲಹುಲ್ಲಿಗೂ ಕಲ್ಲಿಗೂ ಬಂದರಿನ ಕಂಬಗಳಿಗೂ ತನ್ನ ಅಂಟುಮೊಟ್ಟೆಗಳನ್ನು ಹಚ್ಚಿಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ, 40 ವರ್ಷ ಹಳೆಯದಾದ ಕ್ರಿಯೋಸೋಟ್ ಕಂಬದ ಮರಕ್ಕೆ ನೇರವಾಗಿ ಅಂಟಿದ ಮೊಟ್ಟೆಗಳು ಮರಿಯಾಗದೆ ಸತ್ತದ್ದನ್ನು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು; ಅಷ್ಟು ವರ್ಷ ಸಮುದ್ರ ತೊಳೆದರೂ ಮರದೊಳಗಿನ ಎಣ್ಣೆ ತೀರಿರಲಿಲ್ಲ. ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡಿನಲ್ಲಿ 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸೋರಿದಾಗ ಹೆರಿಂಗ್‌ಗಳು ಮೊಟ್ಟೆಯಿಡುವ ಕಾಲ ಹತ್ತಿರವಾಗಿತ್ತು. ನಾಲ್ಕು ವರ್ಷಗಳ ಬಳಿಕ ಅಲ್ಲಿನ ಹೆರಿಂಗ್ ಸಂತತಿ ಕುಸಿದುಬಿದ್ದದ್ದಕ್ಕೆ ತೈಲವೇ ಕಾರಣವೋ ರೋಗವೋ ಎಂಬ ವಿವಾದ ಬಗೆಹರಿದಿಲ್ಲ. ಆದರೆ ಆ ವಿವಾದದಿಂದ ಹುಟ್ಟಿದ ಸಂಶೋಧನೆ ಮೂರು ಉಂಗುರಗಳ ಹೈಡ್ರೋಕಾರ್ಬನ್‌ಗಳು ಭ್ರೂಣದ ಹೃದಯವನ್ನೇ ಗುರಿಮಾಡುತ್ತವೆ ಎಂಬುದನ್ನು ಸ್ಪಷ್ಟಪಡಿಸಿತು. ಸಂಶೋಧಕ ಜಾನ್ ಇನ್‌ಕಾರ್ಡೊನಾ ಅವರ ಅಧ್ಯಯನಗಳಲ್ಲಿ, ಮೊಟ್ಟೆಯೊಳಗಿದ್ದಾಗ ಅತ್ಯಲ್ಪ ಪ್ರಮಾಣದ ತೈಲಕ್ಕೆ ಸಿಕ್ಕಿ ಬದುಕುಳಿದ ಹೆರಿಂಗ್ ಮತ್ತು ಸಾಲ್ಮನ್ ಮರಿಗಳು ಹೊರಗಿನಿಂದ ಸರಿಯಾಗಿಯೇ ಕಂಡರೂ ಅವುಗಳ ಹೃದಯದ ಆಕಾರ ಬದಲಾಗಿತ್ತು, ಈಜುವ ವೇಗ ತಗ್ಗಿತ್ತು. ಕಡಲಿನಲ್ಲಿ ನಿಧಾನವಾಗಿ ಈಜುವ ಮರಿ ಹೆಚ್ಚು ದಿನ ಬಾಳುವುದಿಲ್ಲ.

ಇದರ ಒಳಗುಟ್ಟು ತಿಳಿದದ್ದು 2014ರಲ್ಲಿ. ಮೆಕ್ಸಿಕೊ ಕೊಲ್ಲಿಯ 2010ರ ಡೀಪ್‌ವಾಟರ್ ಹೊರೈಜನ್ ತೈಲಬಾವಿ ದುರಂತದ ತೈಲವನ್ನು ಬಳಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾರ್ಬರಾ ಬ್ಲಾಕ್ ಮತ್ತು ಸಂಗಡಿಗರು ಟ್ಯೂನಾ ಮೀನಿನ ಹೃದಯಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಹೃದಯಕೋಶ ಪ್ರತಿ ಬಡಿತದಲ್ಲಿ ಕ್ಯಾಲ್ಸಿಯಂ ಬಳಸಿ ಕುಗ್ಗುತ್ತದೆ, ಪೊಟ್ಯಾಸಿಯಂ ಅನ್ನು ಹೊರಬಿಟ್ಟು ಮುಂದಿನ ಬಡಿತಕ್ಕೆ ಸಿದ್ಧವಾಗುತ್ತದೆ. ತೈಲ ಪೊಟ್ಯಾಸಿಯಂನ ದಾರಿಯನ್ನು ತಡೆದು, ಕ್ಯಾಲ್ಸಿಯಂನ ಓಡಾಟವನ್ನು ಏರುಪೇರು ಮಾಡಿ ಬಡಿತದ ಲಯ ತಪ್ಪಿಸುತ್ತಿತ್ತು.

ಇವೆಲ್ಲ ಕಾರ್ಖಾನೆ, ಹಡಗು, ಬಾವಿಗಳ ಕತೆಗಳಾದವು. ಹೊಣೆ ಹೊರಿಸಲು ಒಂದು ವಿಳಾಸವಿತ್ತು. ವಿಳಾಸವಿಲ್ಲದ ಮಾಲಿನ್ಯದ ಕತೆ ಕೋಹೋ ಸಾಲ್ಮನ್‌ನದು. 1990ರ ದಶಕದ ಕೊನೆಯಿಂದ ಸಿಯಾಟಲ್ ಸುತ್ತಲಿನ ನಗರದ ತೊರೆಗಳನ್ನು ಶುದ್ಧಗೊಳಿಸಿ, ದಂಡೆಗೆ ಗಿಡ ನೆಟ್ಟು, ಅಡ್ಡಿಗಳನ್ನು ತೆಗೆದಾಗ ಕಡಲಿನಿಂದ ಕೋಹೋಗಳು ಮೊಟ್ಟೆಯಿಡಲು ಮರಳಿ ಬಂದವು. ಬಂದವುಗಳು ಶರತ್ಕಾಲದ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಬಾಯಿ ತೆರೆದು, ತೋಲ ತಪ್ಪಿ, ಗಿರಕಿ ಹೊಡೆಯುತ್ತ ಸತ್ತವು. ಹೆಣ್ಣುಗಳ ಹೊಟ್ಟೆ ಸೀಳಿದರೆ ಮೊಟ್ಟೆಗಳು ಹಾಗೆಯೇ ಇದ್ದವು. ಕೆಲವು ತೊರೆಗಳಲ್ಲಿ ಮರಳಿ ಬಂದವುಗಳ ಪೈಕಿ ಶೇಕಡಾ 40ರಿಂದ 90ರಷ್ಟು ಹೀಗೆ ಹೋದವು. ಲೋಹ, ಕೀಟನಾಶಕ, ಉಷ್ಣತೆ, ರೋಗ ಎಂದು ಒಂದೊಂದನ್ನೇ ಪರೀಕ್ಷಿಸಿ ಕೈಬಿಡುತ್ತ ಹೋದ ಸಂಶೋಧಕರು ಕೊನೆಗೆ ಟೈರಿನ ಪುಡಿಯನ್ನು ನೆನೆಸಿದ ನೀರಿನತ್ತ ಬಂದರು. ಆ ನೀರಿನಲ್ಲಿದ್ದ ಎರಡು ಸಾವಿರಕ್ಕೂ ಮಿಕ್ಕ ರಾಸಾಯನಿಕಗಳನ್ನು ಭಾಗ ಭಾಗವಾಗಿ ಬೇರ್ಪಡಿಸಿ, ಪ್ರತಿ ಭಾಗವನ್ನೂ ಮೀನಿನ ಮೇಲೆ ಪರೀಕ್ಷಿಸಿ, ಕೊಲ್ಲುವ ಭಾಗವನ್ನು ಮತ್ತೆ ಒಡೆಯುತ್ತ ಹೋಗಿ, ಜೆನ್ಯು ಟಿಯಾನ್ ಮತ್ತು ಎಡ್ವರ್ಡ್ ಕೊಲೊಜೆಯ್ ಅವರಿದ್ದ ತಂಡ 2020ರ ಡಿಸೆಂಬರಿನಲ್ಲಿ 6ಪಿಪಿಡಿ-ಕ್ವಿನೋನ್ ಎಂಬ ವಸ್ತುವನ್ನು ಹೆಸರಿಸಿತು. ಗಾಳಿಯ ಓಜೋನ್‌ನಿಂದ ರಬ್ಬರು ಬಿರುಕು ಬಿಡದಿರಲೆಂದು ಟೈರುಗಳಿಗೆ 6ಪಿಪಿಡಿ ಎಂಬ ರಾಸಾಯನಿಕವನ್ನು ದಶಕಗಳಿಂದ ಬೆರೆಸಲಾಗುತ್ತಿದೆ. ಅದೇ ಓಜೋನ್‌ನೊಡನೆ ಕೂಡಿ ಅದು ಈ ಕ್ವಿನೋನ್ ಆಗುತ್ತದೆ, ಸವೆದ ಟೈರಿನ ಕಣಗಳೊಂದಿಗೆ ರಸ್ತೆಯ ಮೇಲೆ ಉಳಿದು ಮಳೆಯೊಂದಿಗೆ ತೊರೆಗಿಳಿಯುತ್ತದೆ. ಲೀಟರಿಗೆ 95 ನ್ಯಾನೋಗ್ರಾಂ ಇದ್ದರೆ 24 ಗಂಟೆಗಳಲ್ಲಿ ಕೋಹೋ ಮರಿಗಳಲ್ಲಿ ಅರ್ಧದಷ್ಟು ಸಾಯುತ್ತವೆಂದು 2022ರಲ್ಲಿ ತಿಳಿದುಬಂತು. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೋಗ್ರಾಂ. ಆದರೆ ಅದೇ ತೊರೆಗೆ ಬರುವ ಹತ್ತಿರದ ಸಂಬಂಧಿ ಚಮ್ ಸಾಲ್ಮನ್ ಅದೇ ನೀರಿನಲ್ಲಿ ಸಾಯುವುದಿಲ್ಲ. ಒಂದು ಮೀನಿನ ಮೇಲೆ ನಡೆಸಿದ ಪರೀಕ್ಷೆಯಿಂದ ಎಲ್ಲ ಮೀನುಗಳಿಗೂ ಸುರಕ್ಷಿತ ಮಟ್ಟವನ್ನು ಗೊತ್ತುಮಾಡುವ ರೂಢಿ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಸಮಾಧಾನದ ಸಂಗತಿಯೊಂದಿದೆ: ರಸ್ತೆಯ ನೀರನ್ನು ಮರಳು ಮತ್ತು ಗೊಬ್ಬರ ಬೆರೆಸಿದ ಮಣ್ಣಿನ ಪದರದ ಮೂಲಕ ಇಂಗಿಸಿ ಬಿಟ್ಟರೆ ಅದರಲ್ಲಿ ಕೋಹೋಗಳು ಬದುಕುತ್ತವೆ, ಯಾವ ವಸ್ತು ಕೊಲ್ಲುತ್ತದೆಂದು ಗೊತ್ತಾಗುವ ಮೊದಲೇ ಈ ಉಪಾಯ ಗೊತ್ತಾಗಿತ್ತು.

ಕೋಹೋ ಇಲ್ಲದ ಅರಬ್ಬಿ ಸಮುದ್ರಕ್ಕೆ ಈ ಫಲಿತಾಂಶಗಳನ್ನು ನೇರವಾಗಿ ತಂದು ಅಂಟಿಸಲಾಗದು. ಬಂಗುಡೆ, ಕಾಣೆ, ಬೂತಾಯಿಗಳು ಯಾವ ವಸ್ತುವಿಗೆ ಎಷ್ಟು ಸೂಕ್ಷ್ಮವೆಂಬುದನ್ನು ಅವುಗಳಿಂದಲೇ ಕೇಳಿ ತಿಳಿಯಬೇಕು. ಇಲ್ಲಿನ ಕಡಲಿಗೆ ತನ್ನದೇ ಆದ ಒಂದು ಕಷ್ಟವೂ ಇದೆ. ಮುಂಗಾರಿನ ತಿಂಗಳುಗಳಲ್ಲಿ ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ಮೇಲೆದ್ದು ತೀರದ ಕಡೆಗೆ ಬರುತ್ತದೆ. ಇದು ನಿಸರ್ಗಸಹಜ ಕ್ರಿಯೆ. ಆದರೆ ನೆಲದಿಂದ ಹರಿದುಬರುವ ಗೊಬ್ಬರದ ಸಾರಜನಕ ಇದನ್ನು ತೀವ್ರಗೊಳಿಸುತ್ತಿರಬಹುದೆಂದು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಎಚ್ಚರಿಸಿದರು. ಆಮ್ಲಜನಕ ಕಡಿಮೆಯಾದಷ್ಟೂ ಮೀನು ಹೆಚ್ಚು ನೀರನ್ನು ಕಿವಿರುಗಳ ಮೂಲಕ ಹಾಯಿಸಬೇಕಾಗುತ್ತದೆ, ಹಾಯಿಸಿದಷ್ಟೂ ನೀರಿನಲ್ಲಿರುವ ವಿಷವೂ ಒಳಗೆ ಹೋಗುತ್ತದೆ. ಮೊದಲ ಮಳೆ ಹೆದ್ದಾರಿಯನ್ನೂ ಊರಿನ ಚರಂಡಿಯನ್ನೂ ತೊಳೆದು ಅಳಿವೆಗೆ ತರುವುದು ಈ ಕಾಲದ ಆರಂಭದಲ್ಲೇ.

ನೇತ್ರಾವತಿ ಮತ್ತು ಫಲ್ಗುಣಿ ಮಂಗಳೂರಿನಲ್ಲಿ ಕೂಡಿ ಕಡಲು ಸೇರುವ ಅಳಿವೆಯಿರಲಿ, ಕಾರವಾರದಲ್ಲಿ ಕಾಳಿಯ ಅಳಿವೆಯಿರಲಿ, ಅವುಗಳ ಆರೋಗ್ಯವನ್ನು ತಿಳಿಯಬೇಕಾದರೆ ನೀರಿನ ಮಾದರಿಯೊಂದೇ ಸಾಲದು, ಮೀನು ಸತ್ತ ದಿನ ಓಡಿಹೋಗಿ ತೆಗೆದ ಮಾದರಿಯಂತೂ ಖಂಡಿತ ಸಾಲದು. ತಳದ ಕೆಸರನ್ನೂ ಅಲ್ಲಿ ಬದುಕಿರುವ ಮೀನಿನ ಪಿತ್ತರಸವನ್ನೂ ಯಕೃತ್ತನ್ನೂ ಒಂದೇ ಜಾಗದಲ್ಲಿ, ಒಂದೇ ಋತುವಿನಲ್ಲಿ, ವರ್ಷ ಬಿಡದೆ ನೋಡುವ ಏರ್ಪಾಡು ಬೇಕು. ಅದಕ್ಕೆ ತಕ್ಕ ಮೀನನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕೆಸರಿನ ಮೇಲೆ ಮಲಗಿ ಕೆಸರಿನೊಳಗಿನದನ್ನೇ ತಿನ್ನುವ ನಂಗು ಮಲ್ಪೆ, ಮಂಗಳೂರುಗಳ ದಕ್ಕೆಗೆ ಪ್ರತಿ ಹಂಗಾಮಿನಲ್ಲೂ ಬುಟ್ಟಿಗಟ್ಟಲೆ ಬರುತ್ತದೆ.